ಕಾರ್ಲೈಲ್ ಕೊಲ್ಲಿಯಲ್ಲಿ ಒಂದು ಹಗಲು

ಕೆರಿಬಿಯನ್ ದ್ವೀಪಗಳ ಸಾಲಿನಲ್ಲಿ ಎಲ್ಲಕ್ಕಿಂತ ಪೂರ್ವಕ್ಕಿರುವುದು ಬಾರ್ಬಡೋಸ್. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23. ಅಟ್ಲಾಂಟಿಕ್ ಸಾಗರ ದಾಟಿ ಬರುವ ಗಾಳಿ ವರ್ಷದ ಬಹುಪಾಲು ಅದರ ಪೂರ್ವ ದಂಡೆಗೆ ಬಡಿಯುತ್ತಲೇ ಇರುತ್ತದೆ. ಆ ಕಡೆಯ ಅಲೆಗಳಲ್ಲಿ ಸರ್ಫಿಂಗ್ ಮಾಡುವವರು ಇಳಿಯಬಹುದು, ಮಕ್ಕಳು ಮರಿ ಇಳಿಯುವಂತಿಲ್ಲ. ಪಶ್ಚಿಮದ ದಂಡೆ ದ್ವೀಪದ ಮರೆಯಲ್ಲಿರುವುದರಿಂದ ಅಲ್ಲಿ ಕಡಲು ಶಾಂತ. ರಾಜಧಾನಿ ಬ್ರಿಜ್‌ಟೌನ್, ಅದರ ಬಂದರು, ಬಂದರಿನ ದಕ್ಷಿಣಕ್ಕೆ ಬಿಲ್ಲಿನಂತೆ ಬಾಗಿದ ಕಾರ್ಲೈಲ್ ಕೊಲ್ಲಿ, ಎಲ್ಲವೂ ಈ ಮರೆಯ ಬದಿಗೇ ಇವೆ.

ಬಂದರಿನ ಮಾತು ಮೊದಲು ಬಂದದ್ದಕ್ಕೆ ಕಾರಣವಿದೆ. ನಾನು ಪಣಂಬೂರಿನ ನವಮಂಗಳೂರು ಬಂದರಿನ ಟ್ರಾಫಿಕ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನಮ್ಮಲ್ಲಿ ಪ್ರಕೃತಿ ಕೊಟ್ಟ ಮರೆ ಇರಲಿಲ್ಲ. ನೆಲ ಅಗೆದು, ಕಡಲಿಗೆ ಕಲ್ಲಿನ ತಡೆಗೋಡೆ ಕಟ್ಟಿ ಬಂದರು ಮಾಡಬೇಕಾಯಿತು. ಮಳೆಗಾಲ ಕಳೆದ ಮೇಲೆ ಅಲ್ಲಿಗೂ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದು ಬಸ್ಸು ಹತ್ತಿ ಕಾರ್ಕಳ, ಮೂಡುಬಿದಿರೆ ನೋಡಿ ಸಂಜೆ ಮರಳುವ ವಿದೇಶಿಯರನ್ನು ಧಕ್ಕೆಯ ಮೇಲೆ ನಿಂತು ಎಷ್ಟೋ ಸಲ ನೋಡಿದ್ದೇನೆ. ಕಳೆದ ಫೆಬ್ರವರಿಯಲ್ಲಿ ಅಮೆರಿಕದಲ್ಲಿರುವ ಮಗಳು ನಮ್ಮನ್ನು ಕ್ರೂಸ್‌ಗೆ ಕರೆದುಕೊಂಡು ಹೋದಾಗ ಹಡಗಿನಿಂದ ಇಳಿಯುವ ಸರದಿ ನನ್ನದಾಯಿತು.

ಹಡಗು ಹೊರಟದ್ದು ಪೋರ್ಟೊರಿಕೊದ ಸಾನ್ ಹುವಾನ್‌ನಿಂದ. ಅದು ಅಮೆರಿಕದ ಆಡಳಿತದಲ್ಲಿರುವ ನೆಲ. ಅಲ್ಲಿಂದ ಹೊರಟು ಬೇರೆ ದೇಶಗಳ ದ್ವೀಪ ಮುಟ್ಟಿ ಮರಳಿದರೆ ಅಮೆರಿಕವನ್ನು ಎರಡನೇ ಸಲ ಹೊಕ್ಕಂತೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಬೇಕೇಬೇಕು. ಮಕ್ಕಳನ್ನು ನೋಡಲು ಹೋಗುವ ನಮ್ಮೂರಿನ ತಂದೆತಾಯಂದಿರು ಟಿಕೆಟ್ ತೆಗೆಯುವ ಮುಂಚೆ ನೋಡಬೇಕಾದ್ದು ಇದನ್ನು.

ಇಳಿಯುವ ದಿನ ಮುಖ್ಯವಾದದ್ದು ಹಡಗಿನ ಗಡಿಯಾರ. ಫ್ಲೋರಿಡಾದಿಂದ ಹೊರಡುವ ಹಡಗುಗಳಲ್ಲಿ ಚಳಿಗಾಲದಲ್ಲಿ ಹಡಗಿನ ಹೊತ್ತಿಗೂ ಪೂರ್ವದ ದ್ವೀಪಗಳ ಹೊತ್ತಿಗೂ ಒಂದು ಗಂಟೆಯ ವ್ಯತ್ಯಾಸ ಬರಬಹುದು. ಮೊಬೈಲು ತಾನೇ ದ್ವೀಪದ ಹೊತ್ತಿಗೆ ಹೊಂದಿಕೊಂಡುಬಿಡುತ್ತದೆ. ಅದನ್ನು ನಂಬಿ ಧಕ್ಕೆಯ ಮೇಲೆ ಓಡುತ್ತ ಬರುವವರು ಎಲ್ಲ ಬಂದರಿನಲ್ಲೂ ಇದ್ದಾರೆ. ಸಾಮಾನ್ಯವಾಗಿ ಹಡಗು ಬಿಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಕಾಯುತ್ತಾರೆ, ನೀವಾಗಿ ಹೋದದ್ದಾದರೆ ಕಾಯುವುದಿಲ್ಲ. ಇದು ಕಠಿಣ ಎನಿಸಬಹುದು. ಆದರೆ ಹಡಗನ್ನು ಬಂದರಿನಿಂದ ಹೊರದಾಟಿಸುವ ಪೈಲಟ್ ಬಂದು ನಿಂತಿರುತ್ತಾನೆ, ಟಗ್‌ಗಳನ್ನು ಕಾದಿರಿಸಿರುತ್ತಾರೆ, ಬರ್ತಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತಿರುತ್ತದೆ, ಮರುದಿನದ ಬಂದರಿನಲ್ಲಿ ಜಾಗ ಗೊತ್ತಾಗಿರುತ್ತದೆ. ಆ ಕೆಲಸ ಮಾಡಿದ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಬ್ರಿಜ್‌ಟೌನ್ ಬಂದರಿನ ಗೇಟು ದಾಟಿದೊಡನೆ ಟ್ಯಾಕ್ಸಿಯವರು ಸುತ್ತುವರಿದರು. ನಾವು ನಡೆದೇ ಹೋದೆವು. ಪೇಟೆಗೆ ಇಪ್ಪತ್ತು ನಿಮಿಷ, ಅಲ್ಲಿಂದ ಸೇತುವೆ ದಾಟಿ ಬೇ ಸ್ಟ್ರೀಟ್ ಹಿಡಿದರೆ ಸ್ವಲ್ಪ ದೂರದಲ್ಲೇ ಬ್ರೌನ್ಸ್ ಬೀಚ್. ಬ್ರಿಜ್‌ಟೌನ್‌ನ ಹಳೇ ಪೇಟೆಯನ್ನೂ ಅದರ ದಂಡುಪ್ರದೇಶವನ್ನೂ ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇನ್ನೊಂದು ಮಾತು: ಇಲ್ಲಿ ಸೈನ್ಯದವರ ಹಸಿರುಮಚ್ಚೆಯ ಬಟ್ಟೆಯನ್ನು ಸಾಮಾನ್ಯರು ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳ ಚಡ್ಡಿಯೂ ಸೇರಿ. ಮಗಳು ಮೊದಲೇ ಓದಿಕೊಂಡಿದ್ದಳು, ಮೊಮ್ಮಗನ ಅಂಥ ಚಡ್ಡಿಯನ್ನು ಮನೆಯಲ್ಲೇ ಬಿಟ್ಟುಬಂದಿದ್ದಳು.

ಕೊಲ್ಲಿ ಕಂಡಾಗ ನಾನು ಮೊದಲು ನೋಡಿದ್ದು ನೀರಿನ ಬಣ್ಣ. ಎದೆಮಟ್ಟದ ನೀರಲ್ಲಿ ನಿಂತರೆ ಕಾಲ ಬೆರಳು ಕಾಣುತ್ತದೆ. ಪಣಂಬೂರಿನಲ್ಲಿ, ತಣ್ಣೀರುಬಾವಿಯಲ್ಲಿ ಮೊಣಕಾಲಿನಷ್ಟು ನೀರಲ್ಲೂ ಇದು ಆಗದ ಮಾತು. ನೇತ್ರಾವತಿ, ಫಲ್ಗುಣಿ ನದಿಗಳು ಘಟ್ಟದ ಮಣ್ಣು ತಂದು ನಮ್ಮ ಕಡಲಿಗೆ ಸುರಿಯುತ್ತವೆ. ನಮ್ಮ ಕಡಲಿನ ಬೂತಾಯಿ, ಬಂಗುಡೆ ಮೀನುಗಳ ಸಮೃದ್ಧಿಯಲ್ಲಿ ಆ ಮಣ್ಣಿನ ಸತ್ವದ ಪಾಲೂ ಇದೆ ಎಂಬುದನ್ನು ಮರೆಯಬಾರದು. ಬಾರ್ಬಡೋಸ್ ಅಕ್ಕಪಕ್ಕದ ದ್ವೀಪಗಳಂತೆ ಜ್ವಾಲಾಮುಖಿಯಿಂದ ಎದ್ದದ್ದಲ್ಲ. ಅದರ ಬಹುಭಾಗದ ಮೇಲ್ಮೈ ಹವಳದ ಸುಣ್ಣಕಲ್ಲು. ಬಿದ್ದ ಮಳೆ ಕಲ್ಲಿನ ಸಂದಿಯಲ್ಲಿ ಇಂಗಿಬಿಡುತ್ತದೆ. ದೊಡ್ಡ ನದಿಗಳಿಲ್ಲ, ಕಡಲಿಗೆ ಮಣ್ಣು ಸೇರುವುದು ತೀರ ಕಡಿಮೆ. ಹೊಯ್ಗೆಯೂ ಹವಳದ್ದೇ. ಅಲೆ ಪುಡಿಮಾಡಿದ್ದು ಒಂದು ಪಾಲು, ಗಿಳಿಮೀನುಗಳು ಮಾಡಿದ್ದು ಇನ್ನೊಂದು ಪಾಲು. ಗಿಳಿಮೀನು ಪಾಚಿ ತಿನ್ನಲು ಸತ್ತ ಹವಳವನ್ನು ಕಚ್ಚಿ ಅರೆದು, ನುಣ್ಣಗೆ ಮಾಡಿ ಹೊರಹಾಕುತ್ತದೆ. ಅಂಗೈಯಲ್ಲಿ ಹಿಡಿ ಮರಳು ತೆಗೆದು ನೋಡಿದರೆ ಕಣಗಳಲ್ಲಿ ಬಿಳಿಯ ಜೊತೆ ನಸುಗೆಂಪು ಇತ್ತು.

ಈ ಕೊಲ್ಲಿಯೇ ಮೊದಲು ಬಂದರು. 1961ರಲ್ಲಿ ಈಗಿನ ಆಳನೀರಿನ ಬಂದರು ತೆರೆಯುವವರೆಗೆ ಹಡಗುಗಳು ಇಲ್ಲೇ ಲಂಗರು ಹಾಕುತ್ತಿದ್ದವು, ಸಕ್ಕರೆಯ ಮೂಟೆಗಳನ್ನು ದೋಣಿಗಳಲ್ಲಿ ಸಾಗಿಸುತ್ತಿದ್ದರು. ಅದಕ್ಕೂ ಹಿಂದೆ ಆಫ್ರಿಕಾದಿಂದ ಮನುಷ್ಯರನ್ನು ಸರಪಳಿ ಹಾಕಿ ತಂದ ಹಡಗುಗಳೂ ನಿಂತದ್ದು ಇದೇ ನೀರಿನಲ್ಲಿ. ಇಂಗ್ಲಿಷರು 1627ರಲ್ಲಿ ನೆಲೆಯೂರಿದರು, 1640ರ ದಶಕದಲ್ಲಿ ಕಬ್ಬು ಬಂತು, ಕಬ್ಬಿಗಾಗಿ ಗುಲಾಮರು ಬಂದರು. 1834ರಲ್ಲಿ ಕಾಗದದ ಮೇಲೆ ಬಿಡುಗಡೆಯಾದರೂ ನಿಜವಾಗಿ ಬಿಡುಗಡೆಯಾದದ್ದು 1838ರಲ್ಲಿ. 1966ರಲ್ಲಿ ದೇಶ ಸ್ವತಂತ್ರವಾಯಿತು, 2021ರಲ್ಲಿ ಬ್ರಿಟನ್ನಿನ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ಹಡಗಿನಲ್ಲಿ ಹಂಚಿದ ಬಣ್ಣದ ಕಾಗದದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಇರಬೇಕಿತ್ತು.

ಮೊಮ್ಮಗ ಮುಖವಾಡ, ಉಸಿರುಕೊಳವೆ ಕಟ್ಟಿಕೊಂಡು ಅಪ್ಪನ ಜೊತೆ ಇಳಿದ. ಈ ಕೊಲ್ಲಿಯ ತಳದಲ್ಲಿ ಹಲವು ಹಡಗುಗಳು ಮುಳುಗಿವೆ. ಅವುಗಳಲ್ಲಿ ಬರ್ವಿನ್ ಎಂಬ ಫ್ರೆಂಚ್ ಟಗ್ 1919ರಿಂದ ಅಲ್ಲಿದೆ. ನೂರು ವರ್ಷದಲ್ಲಿ ಅದರ ಮೈತುಂಬ ಹವಳ, ಸ್ಪಂಜು ಬೆಳೆದು ಮೀನುಗಳ ಮನೆಯಾಗಿದೆ. ನಾನು ಸೊಂಟಮಟ್ಟದ ನೀರಲ್ಲೇ ಇದ್ದೆ. ಒಂದು ಕಡಲಾಮೆ ನಾಲ್ಕೇ ಮಾರು ದೂರದಲ್ಲಿ ತಲೆ ಎತ್ತಿ, ಉಸಿರು ಬಿಟ್ಟ ಸದ್ದು ನನಗೆ ಕೇಳುವಂತೆ ಉಸಿರು ತೆಗೆದುಕೊಂಡು, ಮುಂಗಾಲು ಬೀಸಿ ಕೆಳಗಿಳಿಯಿತು. ಬೆನ್ನ ಚಿಪ್ಪಿನ ಒಂದೊಂದು ಬಿಲ್ಲೆಯೂ ಬೇರೆಬೇರೆಯಾಗಿ ಕಂಡಿತು. ಪ್ರವಾಸಿ ದೋಣಿಗಳು ಆಮೆಗಳಿಗೆ ಮೀನಿನ ತುಂಡು ಎಸೆದು ಕರೆಯುತ್ತವೆ. ನನಗೆ ಅದು ಸರಿಕಾಣಲಿಲ್ಲ. ಕಾದರೆ ಅವು ತಾವಾಗಿ ಬರುತ್ತವೆ. ಮೈಗೆ ಸನ್‌ಸ್ಕ್ರೀನ್ ಮೆತ್ತಿಕೊಳ್ಳುವುದಕ್ಕಿಂತ ಉದ್ದ ತೋಳಿನ ಈಜಂಗಿ ಹಾಕುವುದು ವಾಸಿ. ಕೆಲವು ಸನ್‌ಸ್ಕ್ರೀನ್‌ಗಳ ರಾಸಾಯನಿಕ ಹವಳಕ್ಕೆ ಹಾನಿ ಎಂದು ಅಮೆರಿಕದ ವರ್ಜಿನ್ ದ್ವೀಪಗಳು 2020ರಲ್ಲಿ ಅವುಗಳನ್ನು ನಿಷೇಧಿಸಿವೆ.

ನೆರಳು ಹುಡುಕುವಾಗ ಎಚ್ಚರವಿರಲಿ. ಇಲ್ಲಿನ ತೀರಗಳಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ. ಸಣ್ಣ ಹಸಿರು ಸೇಬಿನಂಥ ಹಣ್ಣು, ಹೊಳೆಯುವ ಎಲೆ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಮಳೆಯಲ್ಲಿ ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ, ಹಣ್ಣು ಕಚ್ಚಿದರೆ ಬಾಯಿ ಗಂಟಲು ಬೆಂದುಹೋಗುತ್ತದೆ. ಅನೇಕ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ.

ಬಾರ್ಬಡೋಸ್‌ನಲ್ಲಿ ಯಾರ ಸ್ವಂತದ್ದೂ ಆದ ಕಡಲತೀರವಿಲ್ಲ. ಎಂಥ ದೊಡ್ಡ ಹೋಟೆಲಿನ ಎದುರಿನ ಮರಳಾದರೂ ಎಲ್ಲರದು. ಹೋಟೆಲುಗಳ ನಡುವಿನ ಓಣಿ ಮುಚ್ಚಿದರೆ ಜನ ಜಗಳಕ್ಕೆ ನಿಲ್ಲುತ್ತಾರೆ. ಈ ಕಾನೂನು ನನಗೆ ತುಂಬ ಹಿಡಿಸಿತು. ಏಕೆಂದರೆ ಕೆರಿಬಿಯನ್ನಿನಲ್ಲಿ ಹಡಗು ಕಂಪನಿಗಳು ತಮ್ಮದೇ ದ್ವೀಪ, ತಮ್ಮದೇ ತೀರ ಇಟ್ಟುಕೊಳ್ಳುವುದು ಬೆಳೆಯುತ್ತಿದೆ. ಹೈಟಿಯ ಲಬಾಡಿ 1986ರಿಂದ ಅಂಥ ಗುತ್ತಿಗೆಯ ಜಾಗ, ಸುತ್ತ ಬೇಲಿಯಿದೆ. ಹಡಗುಗಳು ಹೋಗುತ್ತಿದ್ದಾಗ ಅಲ್ಲಿ ಊಟವೂ ಹಡಗಿನದೇ ಆಗಿತ್ತು. ಇಂಥ ಕಡೆಗಳಿಂದ ತೆರಿಗೆ, ಬಂದರು ಶುಲ್ಕ ಸರ್ಕಾರಕ್ಕೆ ಹೋಗುತ್ತದೆ ನಿಜ. ಆದರೆ ಪ್ರಯಾಣಿಕ ಹೊಟ್ಟೆತುಂಬ ಉಂಡು ಇಳಿದು, ಬೇಲಿಯೊಳಗೆ ಕೂತು, ಮತ್ತೆ ಉಣ್ಣಲು ಹಡಗಿಗೆ ಮರಳಿದರೆ ಊರಿನ ಬಡವನ ಕೈಗೆ ಏನು ಬಂತು?

ನಮಗೆ ಕುರ್ಚಿ, ಕೊಡೆ ಬಾಡಿಗೆಗೆ ಕೊಟ್ಟವರು ಅರವತ್ತು ದಾಟಿದ ಹಿರಿಯರು. ಭಾರತದವರೆಂದು ತಿಳಿದದ್ದೇ ಕ್ರಿಕೆಟ್ ಶುರುವಾಯಿತು. ಬಂದರಿನ ಹತ್ತಿರವೇ ಇರುವ ಕೆನ್ಸಿಂಗ್ಟನ್ ಓವಲ್‌ನಲ್ಲಿ 1997ರಲ್ಲಿ ಗೆಲ್ಲಲು 120 ರನ್ ಬೇಕಿದ್ದ ಭಾರತ 81ಕ್ಕೆ ಬಿದ್ದದ್ದನ್ನು ನೆನಪಿಸಿದರು. ಅದೇ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ನಮ್ಮ ರಾಹುಲ್ ದ್ರಾವಿಡ್ 78 ಹೊಡೆದಿದ್ದರೆಂದು ನಾನು ಹೇಳಿದೆ. ಅದೇ ಮೈದಾನದಲ್ಲಿ 2024ರ ಜೂನ್ 29ರಂದು ದ್ರಾವಿಡ್ ಕೋಚ್ ಆಗಿದ್ದಾಗ ಭಾರತ ಟಿ20 ವಿಶ್ವಕಪ್ ಗೆದ್ದಿತಲ್ಲ ಎಂದಾಗ ಆ ಹಿರಿಯರು ಎದ್ದುನಿಂತು ಕೈಕುಲುಕಿದರು. ಆಮೇಲೆ ಅವರೇ ಹೇಳಿದರು: ಎರಡೇ ದಿನಕ್ಕೆ ಬೆರಿಲ್ ಚಂಡಮಾರುತ ದಕ್ಷಿಣಕ್ಕೆ ಹಾದುಹೋಯಿತು, ನಿಮ್ಮ ತಂಡ ಇಲ್ಲೇ ಸಿಕ್ಕಿಬಿದ್ದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು, ನಮ್ಮ ಮೀನುಗಾರರ ದೋಣಿಗಳು ಒಡೆದದ್ದು ಆಗಲಿಲ್ಲ. ಅವರ ಅಕ್ಕನ ಮಗನದೂ ಒಂದು ದೋಣಿಯಂತೆ.

ಮಧ್ಯಾಹ್ನದ ಊಟ ರಸ್ತೆಬದಿಯ ಸಣ್ಣ ಅಂಗಡಿಯಲ್ಲಿ. ಇಲ್ಲಿನ ರಾಷ್ಟ್ರೀಯ ಊಟ ಕೂಕೂ ಮತ್ತು ಹಾರುಮೀನು. ಬೆಂಡೆಕಾಯಿ ಬೇಯಿಸಿದ ನೀರಿಗೆ ಮೆಕ್ಕೆಜೋಳದ ಹಿಟ್ಟು ಸುರಿದು, ಚಪ್ಪಟೆ ಮರದ ಕೋಲಿನಿಂದ ಗಂಟಾಗದಂತೆ ತೊಳಸಿ ಇಳಿಸುತ್ತಾರೆ. ಘಟ್ಟದ ಮೇಲಿನವರ ರಾಗಿಮುದ್ದೆಯನ್ನು ಬೆಂಡೆಕಾಯಿ ಲೋಳೆಯಲ್ಲಿ ಮೆತ್ತಗೆ ಮಾಡಿದಂತೆ. ಮೇಲೆ ಟೊಮೆಟೊ, ಈರುಳ್ಳಿಯಲ್ಲಿ ಬೇಯಿಸಿದ ಮೀನು. ನನ್ನ ಹೆಂಡತಿ ಮೀನು ತಿನ್ನುವುದಿಲ್ಲ. ಅವಳ ತಟ್ಟೆಗೆ ಬಂದದ್ದನ್ನು ನೋಡಿ, “ಇದು ನಮ್ಮ ಜೀಗುಜ್ಜೆ ಅಲ್ವಾ ಮಾರಾಯ್ರೆ?” ಎಂದಳು. ಜೀಗುಜ್ಜೆಯೇ! ಬೇಯಿಸಿ, ಬೆಣ್ಣೆ ಸವರಿದ್ದು. ಇದು ಇಲ್ಲಿನ ಮರವಲ್ಲ. ಗುಲಾಮರಿಗೆ ಅಗ್ಗದ ಹೊಟ್ಟೆಪಾಡಾಗಲಿ ಎಂದು ಇಂಗ್ಲಿಷರು ತಾಹಿತಿಯಿಂದ ಕೆರಿಬಿಯನ್ನಿಗೆ ಸಸಿ ತರಿಸಿದರು. ಕ್ಯಾಪ್ಟನ್ ಬ್ಲೈ ಎಂಬವನ ಮೊದಲ ಯತ್ನ 1789ರಲ್ಲಿ ಬೌಂಟಿ ಹಡಗಿನ ದಂಗೆಯಿಂದ ಮುರಿದುಬಿತ್ತು, 1793ರಲ್ಲಿ ಸಸಿಗಳು ಸೇಂಟ್ ವಿನ್ಸೆಂಟ್ ಮತ್ತು ಜಮೈಕಾ ಮುಟ್ಟಿದವು. ಜೀಗುಜ್ಜೆಯ ಪೋಡಿ, ಅಂದರೆ ಬಜ್ಜಿ, ಮಾಡುವ ಬಗೆಯನ್ನು ನನ್ನವಳು ಅಂಗಡಿಯಾಕೆಗೆ ಕೈಸನ್ನೆಯಲ್ಲೇ ಹೇಳಿಕೊಟ್ಟಳು. ಒಂದು ಕಾಯಿ ಕೊಂಡೊಯ್ಯುವ ಆಸೆ ಅವಳಿಗೆ, ಆದರೆ ಹಣ್ಣು ತರಕಾರಿಯನ್ನು ಹಡಗಿಗೆ ಹತ್ತಿಸಲು ಬಿಡುವುದಿಲ್ಲ.

ಪೇಟೆಗೆ ಮರಳಿದ್ದು ಜನ ಕಿಕ್ಕಿರಿದ ಬಿಳಿ ವ್ಯಾನಿನಲ್ಲಿ. ಅದರ ನಂಬರ್ ಪ್ಲೇಟಿನ ಅಕ್ಷರಗಳಿಂದಲೇ ಜನ ಅದನ್ನು ಝಡ್‌ಆರ್ ಎನ್ನುತ್ತಾರೆ. ತಲೆಗೆ ಮೂರೂವರೆ ಬಾರ್ಬಡೋಸ್ ಡಾಲರ್. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬ ದರ 1975ರಿಂದ ಬದಲಾಗಿಲ್ಲ, ಅಮೆರಿಕದ ನೋಟೂ ಎಲ್ಲೆಡೆ ನಡೆಯುತ್ತದೆ. ಚಿಲ್ಲರೆಯಲ್ಲಿ ಬಂದ ಏಳುಮೂಲೆಯ ಒಂದು ಡಾಲರ್ ನಾಣ್ಯದ ಮೇಲೆ ಹಾರುಮೀನು ಇತ್ತು, ಮೊಮ್ಮಗ ಅದನ್ನು ಕೊಡಲೇ ಇಲ್ಲ. ಹಡಗುಗಳ ದೊಡ್ಡ ಹಂಗಾಮು ನವೆಂಬರಿನಿಂದ ಏಪ್ರಿಲ್. ಮಿಕ್ಕ ತಿಂಗಳು ಕುರ್ಚಿಯವರ ಗಳಿಕೆ ಅರ್ಧಕ್ಕೂ ಇಳಿಯುತ್ತದೆಂದು ಆ ಹಿರಿಯರು ಹೇಳಿದ್ದರು. ಹೋಗುವವರು ಒಂದು, ಐದು ಅಮೆರಿಕನ್ ಡಾಲರಿನ ಸಣ್ಣ ನೋಟುಗಳನ್ನು ಜೇಬಲ್ಲಿಟ್ಟುಕೊಂಡು ಇಳಿಯಿರಿ. ಹಡಗಿನೊಳಗೆ ಎಲ್ಲವೂ ಕಾರ್ಡಿನ ಲೆಕ್ಕ, ದಡದ ಮೇಲೆ ಕುರ್ಚಿಯವರಿಗೂ ವ್ಯಾನಿನ ಹುಡುಗನಿಗೂ ಬೇಕಾದದ್ದು ನಗದು.