ನಿಮಗಿದು ಗೊತ್ತೆ? ಕಡೂರಿನ ವೇದಾ ಆಡಿದ್ದು ಕೊನೆಯ ಸ್ಥಾನದ ತಂಡದಲ್ಲಿ

ಚಿಕ್ಕಮಗಳೂರು ಜಿಲ್ಲೆಯೆಂದರೆ ಮೂಡಿಗೆರೆ, ಕಳಸದ ಮಳೆ, ಕಾಫಿ ತೋಟ. ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಹುಟ್ಟಿದ್ದು ಮಾತ್ರ ಅದೇ ಜಿಲ್ಲೆಯ ಬಯಲುಸೀಮೆ ಕಡೂರಿನಲ್ಲಿ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಚಚ್ಚಿದವರು ಇವರೇ.

2024ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ವೇದಾ ಇದ್ದದ್ದು ಗುಜರಾತ್ ಜೈಂಟ್ಸ್‌ನಲ್ಲಿ. ಆ ತಂಡ ಮೊದಲ 4 ಪಂದ್ಯಗಳನ್ನೂ ಸೋತಿತು. ನಾಲ್ಕೂ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಅಂದರೆ ಕರ್ನಾಟಕ ತಂಡದ ನಾಯಕಿಯಾಗಿದ್ದ ವೇದಾಗೆ ತವರಿನಲ್ಲೇ!

ಮೊದಲ ಗೆಲುವು ಸಿಕ್ಕಿದ್ದು ಮಾರ್ಚ್ 6ರಂದು, ದೆಹಲಿಯಲ್ಲಿ. ಬೆತ್ ಮೂನಿ ಔಟಾಗದೆ 85, ಲಾರಾ ವೊಲ್ವಾರ್ಟ್ 76. ತಂಡದ ಮೊತ್ತ 199. 19 ರನ್ನಿನಿಂದ ಸೋತದ್ದು ನಮ್ಮ ಆರ್‌ಸಿಬಿ. ಕೊನೆಗೆ ಗುಜರಾತ್‌ಗೆ 8ರಲ್ಲಿ 2 ಗೆಲುವು, 4 ಅಂಕ, ಪಟ್ಟಿಯ ತಳ. 2023ರಲ್ಲೂ ಇದೇ ಲೆಕ್ಕ. ಆರ್‌ಸಿಬಿ ಮಾತ್ರ ಮಾರ್ಚ್ 6ರ ಸೋಲನ್ನು ನುಂಗಿಕೊಂಡು 2024ರ ಮಾರ್ಚ್ 17ರಂದು ಕಪ್ ಎತ್ತಿತು.

6 ಸೋಲು ಹೆಚ್ಚಾಯಿತೆ? ಅದೇ ವರ್ಷ ಅಮೆರಿಕದ ಬೇಸ್‌ಬಾಲ್ ತಂಡ ಷಿಕಾಗೋ ವೈಟ್ ಸಾಕ್ಸ್ 162 ಪಂದ್ಯಗಳಲ್ಲಿ 121 ಸೋತಿತ್ತು.