ಕಣ್ಣಿಗೆ ಕಾಣದ ದುರಸ್ತಿ
ಗೊಡೋ ಒಂದು ಉಚಿತ ಗೇಮ್ ಎಂಜಿನ್. 2014ರಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತವಾಯಿತು. ನನಗೆ ಹಿಡಿಸಿದ ಸಂಗತಿಯೆಂದರೆ, ಅದರ ಎಡಿಟರನ್ನೂ ಗೊಡೋದಿಂದಲೇ ಕಟ್ಟಿದ್ದಾರೆ. ಹಾಗಾಗಿ ಎಡಿಟರಿಗಾಗಿ ಬಟನ್‌ನ ಮೂಲ ಕೋಡ್ ಸುಧಾರಿಸಿದರೆ ನಮ್ಮ ಆಟದ ಬಟನ್ನಿಗೂ ಲಾಭ. ಕೆಡಿಸಿದರೆ ಎರಡಕ್ಕೂ ನಷ್ಟ.

ಎಡಿಟರಿನ ಬಹಳಷ್ಟು ಕೆಲಸ ‘ಎಡಿಟರ್ ನೋಡ್’ ಎಂಬ ಒಂದೇ ದೊಡ್ಡ ಫೈಲಿನಲ್ಲಿ ತುಂಬಿಕೊಂಡಿತ್ತು. ಕ್ರಮೇಣ ಆಟ ಓಡಿಸುವ ಬಟನ್‌ಗಳು, ದೃಶ್ಯಗಳ ಟ್ಯಾಬ್‌ಗಳು ಬೇರೆ ಫೈಲುಗಳಿಗೆ ಹೋದವು. ಹೊರಗಿನ ವರ್ತನೆ ಬದಲಿಸದೆ ಒಳರಚನೆಯನ್ನು ಸರಿಪಡಿಸುವ ಈ ಕೆಲಸವೇ ರಿಫ್ಯಾಕ್ಟರಿಂಗ್. ಬಳಸುವವರಿಗೆ ವ್ಯತ್ಯಾಸ ಕಾಣದು. ಆದರೆ ಹೊಸದಾಗಿ ಕೋಡ್ ತಿದ್ದಲು ಬರುವವರು ಇಡೀ ಫೈಲನ್ನು ಅರಗಿಸಿಕೊಳ್ಳಬೇಕಿಲ್ಲ. ಒಂದು ಸಣ್ಣ ಭಾಗ ಅರ್ಥವಾದರೆ ಸಾಕು. ನಮ್ಮಂಥ ವಿದ್ಯಾರ್ಥಿಗಳೂ ಅಲ್ಲಿಂದಲೇ ಶುರುಮಾಡಬಹುದು.