ಬಳ್ಳಿಯ ನೆರಳಲ್ಲಿ ಸಿಕ್ಕ ನೀರಿನ ಲೆಕ್ಕ

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಲಿನದು ಒಣದ್ರಾಕ್ಷಿಯ ಸೀಮೆ. ಅಲ್ಲಿನ ಪಾರ್ಲಿಯರ್ ಎಂಬ ಪುಟ್ಟ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1987ರಲ್ಲಿ ಎರಡು ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಸಸಿಗಳನ್ನು ತಕ್ಕಡಿಯ ಮೇಲೆ ನೆಟ್ಟರು. 4 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಆಳದ ತೊಟ್ಟಿ. ಅದರ ತುಂಬ ಮಣ್ಣು. ಅಡಿಯಲ್ಲಿ ಹೂತಿಟ್ಟ ತೂಕದ ಯಂತ್ರ. ಬಳ್ಳಿ ಬೆಳೆದ ಮೇಲೆ ಸುತ್ತಲಿನ ಸಾಲುಗಳಿಗೂ ಇದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೆ ಎಲೆಗಳಿಂದ ಆವಿಯಾದ ನೀರಿನಷ್ಟು ತೊಟ್ಟಿ ಹಗುರಾಗುತ್ತಿತ್ತು. 16 ಕಿಲೋ ಇಳಿದ ಕೂಡಲೇ ಡ್ರಿಪ್ ತಾನಾಗಿ ಶುರುವಾಗಿ ಬಳ್ಳಿಗೆ ತಲಾ 8 ಲೀಟರ್ ನೀರುಣಿಸುತ್ತಿತ್ತು.

ದ್ರಾಕ್ಷಿ ಬಳ್ಳಿಗೆ ದಿನಕ್ಕೆ ಎಷ್ಟು ನೀರು ಬೇಕು? ತಲೆಮಾರುಗಳಿಂದ ಇದಕ್ಕೆ ಅಂದಾಜೇ ಉತ್ತರವಾಗಿತ್ತು.

ಅಂದಾಜು ದಾಟುವ ಮೊದಲ ಸಾಧನ ಬಂದದ್ದು ಕಡಲ ವಿಜ್ಞಾನಿಯೊಬ್ಬರಿಂದ. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಪರ್ ಶೋಲಾಂಡರ್, ಉಪ್ಪುನೀರಲ್ಲಿ ನಿಂತ ಕಾಂಡ್ಲಾ ಗಿಡ ಸಿಹಿನೀರನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದರ ಬೆನ್ನು ಹತ್ತಿದ್ದರು. ಮುಗಿಲೆತ್ತರದ ಡಗ್ಲಸ್ ಫರ್ ಮರದ ತುದಿಯ ರೆಂಬೆ ಬೇಕಾದಾಗ ಬಂದೂಕಿನಿಂದ ಹೊಡೆದು ಬೀಳಿಸಿದರು. 1965ರಲ್ಲಿ ಅವರೂ ಸಂಗಡಿಗರೂ ವಿವರಿಸಿದ ಉಪಕರಣ ಸರಳವಾದದ್ದು. ಕೊಯ್ದ ಎಲೆಯನ್ನು ಗಟ್ಟಿ ಉಕ್ಕಿನ ಡಬ್ಬಿಯೊಳಗಿಟ್ಟು, ತೊಟ್ಟಿನ ತುದಿಯನ್ನಷ್ಟೇ ಮುಚ್ಚಳದ ತೂತಿನಿಂದ ಹೊರಗೆ ಬಿಟ್ಟು, ಒಳಗೆ ಅನಿಲದ ಒತ್ತಡ ಏರಿಸುತ್ತಾರೆ. ಕೊಯ್ದ ತುದಿಯಲ್ಲಿ ರಸ ತೇವವಾಗಿ ಮಿನುಗಿದ ಕ್ಷಣದ ಒತ್ತಡವೇ ಬಳ್ಳಿಯ ಬಾಯಾರಿಕೆಯ ಅಳತೆ. ನಡು ಮಧ್ಯಾಹ್ನ ಅದು 10 ಬಾರ್ ಮುಟ್ಟಿದರೆ ನೀರು ಕೊಡಲು ಶುರುಮಾಡಿ ಎಂದು ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರರಿಗೆ ಮುಂದೆ ಸಲಹೆ ಬಂತು. ಕಾರಿನ ಟಯರಿನೊಳಗಿನ ಒತ್ತಡದ ನಾಲ್ಕೈದು ಪಟ್ಟು ಅದು. ಅಷ್ಟು ಬಲವಾಗಿ ಬಳ್ಳಿ ಸದ್ದಿಲ್ಲದೆ ಮಣ್ಣಿನಿಂದ ನೀರು ಜಗ್ಗುತ್ತಿರುತ್ತದೆ.

ಈ ಡಬ್ಬಿ ಯಾವಾಗ ನೀರು ಕೊಡಬೇಕೆಂದು ಹೇಳಿತು. ಎಷ್ಟು ಎಂಬುದನ್ನು ಹೇಳಿದ್ದು ಪಾರ್ಲಿಯರ್‌ನ ತಕ್ಕಡಿ.

ಆದರೆ ಪ್ರತಿ ರೈತನೂ ತೋಟದಡಿ ತಕ್ಕಡಿ ಹೂಳಲಾದೀತೇ? ವಿಜ್ಞಾನಿಗಳಾದ ಲ್ಯಾರಿ ವಿಲಿಯಮ್ಸ್ ಮತ್ತು ಜೇಮ್ಸ್ ಏಯರ್ಸ್ ಇನ್ನೊಂದು ದಾರಿ ಹುಡುಕಿದರು. ನಡು ಮಧ್ಯಾಹ್ನ ಬಳ್ಳಿಯಡಿ ಬೀಳುವ ನೆರಳನ್ನು ಅಳೆದು ತಕ್ಕಡಿಯ ಅಂಕಿಯ ಪಕ್ಕದಲ್ಲಿಟ್ಟರು. ನೆರಳು ಹಿಗ್ಗಿದಂತೆ ನೀರಿನ ಖರ್ಚೂ ಅದೇ ಅಳತೆಯಲ್ಲಿ ಏರಿತು. ಖಾತ್ರಿಗಾಗಿ ಒಂದು ಬೇಸಿಗೆ, ಇಳಿಬಿದ್ದಿದ್ದ ಕುಡಿಗಳನ್ನು ಎರಡೂ ಬದಿ ಮೇಲೆತ್ತಿ ಚಪ್ಪರದಂತೆ ಹರಡಿದರು. ಎಲೆ ಒಂದೂ ಹೆಚ್ಚಿರಲಿಲ್ಲ. ನೆರಳು ಹೆಚ್ಚಿತು, ನೀರಿನ ಖರ್ಚೂ ಹೆಚ್ಚಿತು. ಕುಡಿ ಇಳಿಸಿದರು, ಎರಡೂ ಇಳಿದವು. 2005ರಲ್ಲಿ ಪ್ರಕಟವಾದ ಆ ಲೆಕ್ಕದ ತಿರುಳು ಒಂದೇ ಸಂಖ್ಯೆ: 0.017. ನೆರಳಿನ ಶೇಕಡಾವಾರನ್ನು ಇದರಿಂದ ಗುಣಿಸಿದರೆ ಬೆಳೆಯ ಗುಣಾಂಕ ಸಿಗುತ್ತದೆ; ನೆಲದ ಶೇ 50 ಭಾಗ ನೆರಳಾದರೆ ಅದು 0.85. ಹವಾಮಾನ ಕೇಂದ್ರದ ಪ್ರಕಾರ ಹುಲ್ಲುಹಾಸಿನಿಂದ ಆ ದಿನ 6 ಮಿಲಿಮೀಟರ್ ನೀರು ಆವಿಯಾಗುವುದಾದರೆ, ಅದನ್ನು ಗುಣಾಂಕದಿಂದ ಗುಣಿಸಿ ಬಳ್ಳಿಗೆ 5.1 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 5.1 ಲೀಟರ್ ಬೇಕು. ಇಷ್ಟು ಅಂದವಾದ ಲೆಕ್ಕ ಕೃಷಿ ವಿಜ್ಞಾನದಲ್ಲಿ ಅಪರೂಪ.

ಬಿಸಿಲು ಏರಿದಂತೆ ಆ 6 ಎಂಬ ಅಂಕಿಯೂ ಏರುತ್ತದೆ. ಬಿಸಿ ಏರುತ್ತಿರುವುದಕ್ಕೆ ದ್ರಾಕ್ಷಿ ತೋಟಗಳೇ ಸಾಕ್ಷಿ. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1354ರಿಂದ ದೊರೆಯುವ ದ್ರಾಕ್ಷಿ ಕೊಯ್ಲಿನ ದಾಖಲೆ ನೋಡಿದರೆ, 1988ರಿಂದೀಚೆಗೆ ಕೊಯ್ಲು ಹಿಂದಿಗಿಂತ ಸರಾಸರಿ 13 ದಿನ ಮುಂಚಿತವಾಗಿದೆ. ಆಸ್ಟ್ರೇಲಿಯಾದ ಬರೋಸ ಕಣಿವೆಯಲ್ಲಿ ವಿಜ್ಞಾನಿ ವಿಕ್ಟರ್ ಸಡ್ರಾಸ್ ಅವರ ತಂಡ ಬಳ್ಳಿಗಳ ಸುತ್ತ ಪಾರದರ್ಶಕ ಗೋಡೆ ಕಟ್ಟಿ ಗಾಳಿ ಬಿಸಿಯಾಗಿಸಿ ನೋಡಿತು: ಹಣ್ಣಿಗೆ ಸಿಹಿ ಬಂದರೂ ಬಣ್ಣ ಹಿಂದೆ ಬಿತ್ತು. ಅದೇ ದೇಶದಲ್ಲಿ, 2009ರ ಜನವರಿ 28ರಂದು ಅಡಿಲೇಡ್ ನಗರದಲ್ಲಿ 45.7 ಡಿಗ್ರಿ ದಾಖಲಾದ ಆ ಬಿಸಿಗಾಳಿಯ ದಿನಗಳಲ್ಲಿ, ಮುನ್ಸೂಚನೆ ಕೇಳಿ ಮೊದಲೇ ನೀರು ಹಾಯಿಸಿದವರ ತೋಟಗಳು ಹೆಚ್ಚು ಉಳಿದವು. ಎಲೆ ಬೆವರಿಯೇ ತಣ್ಣಗಾಗುವುದು. ನೀರಿಲ್ಲದಾಗ ರಂಧ್ರ ಮುಚ್ಚಿಕೊಂಡು ಸುಡುತ್ತದೆ.

ಪಾರ್ಲಿಯರ್‌ನ ಆ ಥಾಮ್ಸನ್ ತಳಿಯೇ ವಿಜಯಪುರದ ದ್ರಾಕ್ಷಿ ಪಡಗಳಲ್ಲೂ ಬೆಳೆಯುತ್ತದೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಯುವ ಹೊತ್ತಿಗೆ ಬೋರ್‌ವೆಲ್ ಕೈಕೊಟ್ಟು, ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು ಅಲ್ಲಿ ಕಡಿಮೆಯಿಲ್ಲ. ಸವರಿದ ಬೋಳು ಬಳ್ಳಿ ಕೇಳುವ ನೀರೇ ಬೇರೆ, ಎಲೆ ತುಂಬಿ ಚಪ್ಪರ ಮುಚ್ಚಿದಾಗ ಕೇಳುವ ನೀರೇ ಬೇರೆ. ಪಾರ್ಲಿಯರ್‌ನ ಅಂಕಿಯನ್ನು ಇಲ್ಲಿನ ಮಣ್ಣು, ಇಲ್ಲಿನ ಚಪ್ಪರಕ್ಕೆ ಒಪ್ಪಿಸಿ ನೋಡುವ ಕೆಲಸ ಕೃಷಿ ವಿಜ್ಞಾನಿಗಳದ್ದು. ನೆರಳು ಅಳೆಯಲು ಮಾತ್ರ ಯಾರನ್ನೂ ಕಾಯಬೇಕಿಲ್ಲ. ಟ್ಯಾಂಕರಿಗೆ ಫೋನ್ ಮಾಡುವ ಮೊದಲು, ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ ಒಂದು ಟೇಪು ಹಿಡಿದು ಪಡದೊಳಗೆ ಹೋಗಿ ಬನ್ನಿ.